ಕೆಳಮನೆ ಅತ್ತೆ ಮತ್ತು ಕಿಬ್ಬೊಟ್ಟೆಯ ಬಿಗಿ

ಕಳೆದ ವಾರ ಬೀರು ಒರೆಸುವಾಗ ಬಿಸಿನೀರಿನ ಚೀಲ ಕಾಲಬುಡಕ್ಕೆ ಬಿತ್ತು. ಕೆಂಪು ರಬ್ಬರು ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಮುಚ್ಚಳ ತಿರುಗಿಸಿದೆ. ಹಳೆಯ ರಬ್ಬರಿನ ವಾಸನೆ, ಅದರೊಳಗೆ ತುಸು ನೀಲಗಿರಿ ತೈಲ... ಕೆಳಮನೆ ಅತ್ತೆಯ ಕೋಣೆಯ ವಾಸನೆ.

ಅವರು ನಮಗೆ ನೆಂಟರಲ್ಲ. ಅವಿನಾಶಿ ಊರಿನ ನಮ್ಮ ಮನೆಯ ಕೆಳಭಾಗದಲ್ಲಿ ಒಬ್ಬರೇ ಬಾಡಿಗೆಗಿದ್ದರು. ನಮ್ಮಂತೆಯೇ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಕೊಯಮತ್ತೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದರು.

ಆಗ ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಕಿಬ್ಬೊಟ್ಟೆಯ ಕೆಳಗೆ, ಕೂರುವ ಜಾಗದಲ್ಲಿ, ಹಗ್ಗ ಎಳೆದು ಕಟ್ಟಿದಂಥ ನೋವು. ಮೂತ್ರವೂ ಸರಾಗವಾಗಿ ಬರುತ್ತಿರಲಿಲ್ಲ. ತರಗತಿಯಲ್ಲಿ ಕೂರಲಾಗದೆ ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಹೀಗಾದರೆ ಪರೀಕ್ಷೆ ಬರೆಯುವುದು ಹೇಗೆ ಎಂಬ ದಿಗಿಲು. ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲ. ಫೋನಿನಲ್ಲಿ ನೋಡಿ, ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿಯುವ ವ್ಯಾಯಾಮ ಶುರುಮಾಡಿದೆ. ಎಲ್ಲವನ್ನೂ ಲೆಕ್ಕವಿಡುವ ಚಟ ನನಗೆ. ಮಾಡಿದಾಗಲೆಲ್ಲ ಡೈರಿಯಲ್ಲಿ ಗೀಟು ಹಾಕಿದೆ. ಗೀಟು ಹೆಚ್ಚಿದಂತೆ ನೋವೂ ಹೆಚ್ಚಿತು.

ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಬೀಸುತ್ತಿದ್ದ ಒಂದು ಶುಕ್ರವಾರ, ಮೆಟ್ಟಿಲಲ್ಲಿ ಸೊಂಟ ಹಿಡಿದು ನಿಂತಿದ್ದ ನನ್ನನ್ನು ಅತ್ತೆ ಒಳಗೆ ಕರೆದರು. ಎಲ್ಲ ಕೇಳಿ ನಕ್ಕುಬಿಟ್ಟರು.

"ಮುಷ್ಟಿ ಕಟ್ಟಿರೋ ಕೈಗೆ ಇನ್ನೂ ಗಟ್ಟಿಯಾಗಿ ಹಿಡಿ ಅಂತ ಹೇಳ್ತಿದ್ದೀಯಲ್ಲ ಅಮ್ಮಣಿ! ಮೊದ್ಲು ಆ ಗೀಟು ಹಾಕೋದ್ನ ನಿಲ್ಸು."

ಚಾಪೆಯ ಮೇಲೆ ಮಂಡಿ ಮಡಚಿ ಮಲಗಿಸಿ, ಕಿಬ್ಬೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟರು. ಉಸಿರು ಒಳಗೆ ಬಂದಾಗ ಕೆಳಗಿನ ಭಾಗ ತಾನಾಗಿ ಅಗಲವಾಗಲಿ, ತಳ್ಳಬೇಡ ಎಂದರು. ಸಡಿಲ ಬಿಡಬೇಕಾದದ್ದು ಯಾವುದೆಂದೇ ಎಷ್ಟೋ ಸಂಜೆ ನನಗೆ ತಿಳಿಯಲಿಲ್ಲ.

ಒಂದು ಸಂಜೆ ಮಾತ್ರ ಅಂಗೈ ಕೆಳಗೆ ಹೊಟ್ಟೆ ಮೆತ್ತಗಾಯಿತು. ಅಷ್ಟರಲ್ಲಿ ಗೇಟಿನ ಬಳಿ ಅಪ್ಪನ ಬೈಕಿನ ಸದ್ದು. ನನ್ನ ಉಸಿರು ನಿಂತಿತು.

"ವಂಡಿ ಸದ್ದು ಕೇಳಿದ್ಯಲ್ಲ, ಈಗ ಎಲ್ಲಿ ಬಿಗಿ ಬಂತು, ನೋಡು," ಎಂದರು ಅತ್ತೆ.

ಅದೇ ಜಾಗ... ಆಗ ಹೇಳಿದೆ. ನಮ್ಮ ಮನೆಯಲ್ಲಿ ಬಚ್ಚಲಿಗೆ ಹಾಲ್ ದಾಟಿಯೇ ಹೋಗಬೇಕು. ಸಂಜೆ ಅಲ್ಲಿ ಅಪ್ಪನ ಜೊತೆ ನೂಲು ವ್ಯಾಪಾರಿಗಳು ಕೂರುತ್ತಿದ್ದರು. ಗಂಡಸರು ಕೂತಿರುವಾಗ ಹೆಣ್ಣುಮಕ್ಕಳು ಅಡ್ಡ ಹಾಯಬಾರದು ಎಂಬುದು ಮನೆಯ ಕಟ್ಟು. ಚಿಕ್ಕವಳಿದ್ದಾಗ ಒಮ್ಮೆ ಹಾಯ್ದದ್ದಕ್ಕೆ ಅಪ್ಪ ಎಲ್ಲರೆದುರು ಗದರಿಸಿದ್ದರು. ನಿಂತಲ್ಲೇ ನನ್ನ ಪಾವಾಡೆ ಲಂಗ ಒದ್ದೆಯಾಗಿತ್ತು. ಕೂತಿದ್ದ ವ್ಯಾಪಾರಿಗಳು ನಕ್ಕಿದ್ದರು. ಆಮೇಲೆ ಅಮ್ಮ ಸಂಜೆ ನನಗೆ ನೀರನ್ನೇ ಕೊಡುತ್ತಿರಲಿಲ್ಲ. ಬೈಕಿನ ಸದ್ದು ಕೇಳಿದರೆ ದೇಹ ತಾನೇ ಬಿಗಿ ಹಿಡಿಯುತ್ತಿತ್ತು.

ಹೇಳುತ್ತಾ ನನಗೆ ಅಳು ಬಂತು. ಅತ್ತೆ ತಡೆಯಲಿಲ್ಲ. "ಶರಿ, ಅಳು. ಬಿಡೋದ್ರಲ್ಲಿ ಇದೂ ಸೇರ್ತು," ಎಂದರು. "ಅಪ್ಪಂಗೆ ನಾನೇ ಹೇಳ್ಲಾ?"

"ಬೇಡ ಅತ್ತೆ."

ಆದರೂ ಹೇಳಿದರು. ಅಪ್ಪನ ಗಂಟಲು ಮೆಟ್ಟಿಲವರೆಗೂ ಕೇಳಿಸಿತು: "ಬಾಡಿಗೆಗೆ ಇರೋರು ಬಾಡಿಗೆ ಮಾತು ಮಾತ್ರ ಆಡ್ಬೇಕು!"

ತಿಂಗಳೊಳಗೆ ಅತ್ತೆ ಮನೆ ಖಾಲಿ ಮಾಡಿ ಕೊಯಮತ್ತೂರಿನ ಕುರಿಚಿ ಕಡೆ ಹೋದರು. ಹೋಗುವ ದಿನ ಈ ಚೀಲ ಕೊಟ್ಟು, "ನೋವು ಬಂದ್ರೆ ಬೈಬೇಡ ಅದ್ನ. ಯಾಕೆ ಬಂತು ಅಂತ ಕೇಳು," ಎಂದರು. ಪರೀಕ್ಷೆಗೆ ಹೇಗೋ ಕೂತೆ. ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು... ಅದೂ ತಡವಾಗಿ.

ಚೀಲ ಸಿಕ್ಕ ದಿನ ಸಂಜೆಯೂ ಹಾಲ್ ತುಂಬ ಜನ. ಕೋಣೆಯಲ್ಲಿ ಮಲಗಿ ಕಿಬ್ಬೊಟ್ಟೆಯ ಮೇಲೆ ಅಂಗೈ ಇಟ್ಟೆ. ಬಿಗಿ ಇತ್ತು. ಹೆದರಿಕೆ ಇದು ಎಂದು ನನಗೆ ನಾನೇ ಹೇಳಿಕೊಂಡೆ. ಉಸಿರು ಕೆಳಗಿಳಿಯುವವರೆಗೆ ಕಾದೆ. ಎದ್ದು ಹಾಲ್ ದಾಟಿದೆ. ಅಪ್ಪನ ಮಾತು ಅರ್ಧಕ್ಕೆ ನಿಂತಿತು. ನಾನು ನಿಲ್ಲಲಿಲ್ಲ.

ಬಚ್ಚಲಿನ ಬಾಗಿಲು ಹಾಕಿಕೊಂಡೆ. ಸರಾಗವಾಗಿ ಬರಲಿಲ್ಲ. ಆದರೆ ಬಂತು.

ಅತ್ತೆ ಇದ್ದಿದ್ದರೆ ಇದನ್ನು ಹೇಳಲು ಮೆಟ್ಟಿಲು ಇಳಿಯುತ್ತಿದ್ದೆ. ಕೆಳಮನೆ ಈಗ ಗೋದಾಮು. ಆ ಬಾಗಿಲಿಗೆ ನೂಲಿನ ಮೂಟೆಗಳು ಒರಗಿವೆ.