ಹೇರಳೆಯೆಂದು ಕೊಯ್ದ ನಾರಂಜ್

ಕೊಲ್ಲಿ ದೇಶದ ಎಗೈಲಾ ಊರಿನಲ್ಲಿ ನಮ್ಮ ಬಾಡಿಗೆ ಮನೆ ಇರುವುದು ಒಬ್ಬ ಅಜ್ಜಿಯ ವಿಲ್ಲಾದ ಮೇಲ್ಮಹಡಿಯಲ್ಲಿ. ಅವರ ಹಿರಿಯರು ಇರಾನಿನ ಶಿರಾಜ್ ಕಡೆಯವರು. ನಾವು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇವೆ. ಅಂಗಳದಲ್ಲಿ ಅವರದೊಂದು ಪುಟ್ಟ ತೋಟ: ದಾಳಿಂಬೆ, ಪುದೀನ, ಗುಲಾಬಿ, ನಡುವೆ ಹುಳಿ ಕಿತ್ತಳೆಯ ಮರ. ಅದಕ್ಕೆ ಅವರು ನಾರಂಜ್ ಎನ್ನುತ್ತಾರೆ.

ಖಾಲಾ ಹಿಂದಿ ಸರಾಗ ಮಾತಾಡುತ್ತಾರೆ, ಹಳೆಯ ಸಿನಿಮಾಗಳ ಕೃಪೆ. "ನಮ್ಮಜ್ಜಿಯ ತೋಟದಲ್ಲಿ ಬರೀ ನೋಡೋಕೆ ಅಂತ ಒಂದು ಗಿಡವೂ ಇರಲಿಲ್ಲ. ಗುಲಾಬಿ ಕೂಡ ಅಡುಗೆಮನೆಗೆ ಹೋಗ್ತಿತ್ತು. ರಾಜರ ತೋಟಗಳಲ್ಲೂ ಕಾಲುವೆ ಪಕ್ಕ ಹಣ್ಣಿನ ಮರಗಳೇ," ಎನ್ನುತ್ತಿದ್ದರು. 'ಹೂ ಕೀಳಬಾರದು' ಎಂಬ ಬೋರ್ಡು ಓದುತ್ತಾ ಬೆಳೆದ ನನಗೆ ಈ ನೀತಿ ಬಹಳ ಹಿಡಿಸಿತು.

ಆದರೆ ಅವರ ಮಗನಿಗೆ ಆ ಜಾಗದಲ್ಲಿ ಕಾರ್ ಶೆಡ್ ಬೇಕಿತ್ತು. "ಯಾರೂ ತಿನ್ನದ ಹಣ್ಣಿಗೆ ಎಷ್ಟು ನೀರು ಸುರಿಯೋದು? ಮುಂದಿನ ವಾರ ಕಡಿಸ್ತೀನಿ, ಖಲಾಸ್," ಎಂದ. ಖಾಲಾ ಎದ್ದು ಹೋಗಿ ಮರದ ಬುಡಕ್ಕೆ ಇನ್ನೊಂದು ಬಕೆಟ್ ನೀರು ಸುರಿದರು.

ನಾನು ಮೈಸೂರಿನವಳು. ಹಸಿರಾಗಿ, ಗುಂಡಗೆ, ಹುಳಿಯಾಗಿದ್ದರೆ ನನಗೆ ಅದು ಚಿತ್ರಾನ್ನಕ್ಕೆ ಹಿಂಡುವ ಹೇರಳೆಕಾಯಿಯೇ. ಕಡಿಯುವ ಮೊದಲು ನಾಲ್ಕು ಕಾಯಿಯಾದರೂ ಸಿಗಲಿ ಎಂದು ಖಾಲಾರನ್ನು ಕೇಳಿ ಕೊಯ್ದು ತಂದೆ.

"ಇದು ಹೇರಳೆ ಅಲ್ಲ ಕಣೇ, ಕಹಿ ಇರತ್ತೆ," ಎಂದರು ನಮ್ಮೆಜಮಾನರು.

"ಹೇರಳೆ ಏನು ಜಾಮೂನಾ? ಸುಮ್ನೆ ಕೂತ್ಕೊಳ್ಳಿ."

ಕಡಲೆಬೀಜ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಚಿತ್ರಾನ್ನ ಕಲಸಿದೆ. ಹೇರಳೆಯಲ್ಲವೆಂದು ಮೊದಲ ತುತ್ತಿಗೇ ಗೊತ್ತಾಯಿತು. ಆದರೂ ರುಚಿಯಾಗಿತ್ತು. ಗಂಡನೆದುರು ಬಾಯಿ ಬಿಡದೆ ಒಂದು ಡಬ್ಬಿ ಕೆಳಗೆ ಒಯ್ದೆ.

ಖಾಲಾ ಒಂದು ಚಮಚ ತಿಂದು, ಇನ್ನೊಂದು ಚಮಚ ತುಂಬಿಕೊಂಡರು. "ನಮ್ಮಮ್ಮ ನಾರಂಜ್ ಸಿಪ್ಪೆ ಹಾಕಿ ಅನ್ನ ಮಾಡ್ತಿದ್ದಳು," ಎಂದರು. ಅಷ್ಟರಲ್ಲಿ ಪಕ್ಕ ಕೂತಿದ್ದ ಮಗ ಅರ್ಧ ಡಬ್ಬಿ ಖಾಲಿ ಮಾಡಿದ್ದ.

"ನನಗ್ಯಾಕೆ ಒಂದ್ಸಲವೂ ಮಾಡಿಕೊಡಲಿಲ್ಲ?"

"ನೀನು ಪಿಜ್ಜಾ ಕೇಳ್ತಿದ್ದೆ."

ಅವನು ತಲೆ ತಗ್ಗಿಸಿ ಉಳಿದದ್ದನ್ನೂ ತಿಂದ.

ಮರ ಕಡಿಯುವವನು ಬಂದ ದಿನ ಮಗನೇ ಗೇಟಿನ ಬಳಿ ನಿಂತು, ಚಹಾ ಕುಡಿಸಿ, ಒಂದು ಚೀಲ ಕಾಯಿ ಕೊಟ್ಟು ವಾಪಸ್ ಕಳಿಸಿದ. ಕಾರು ಈಗಲೂ ಬೀದಿಯ ಬಿಸಿಲಲ್ಲೇ ನಿಲ್ಲುತ್ತದೆ. ಶುಕ್ರವಾರಗಳಲ್ಲಿ ಅವನು ಅಮ್ಮನ ಪಕ್ಕ ನಿಂತು ನಾರಂಜ್ ಸಿಪ್ಪೆ ಹೆಚ್ಚುತ್ತಾನೆ. ದಪ್ಪ ಹೆಚ್ಚಿದನೆಂದು ಖಾಲಾ ಬೈಯುವುದು ಮೇಲೆ ನಮ್ಮ ಮನೆಯವರೆಗೂ ಕೇಳಿಸುತ್ತದೆ.