ಖಾಲಿ ಸ್ಟ್ರಿಪ್ಪುಗಳ ಪ್ರಬಂಧ

ಜಯನಗರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ವಿಮಲಾ ಮುಖ್ಯ ಫಾರ್ಮಸಿಸ್ಟ್. ಮೂವತ್ತೊಂದು ವರ್ಷದ ನೌಕರಿ. ಮೂಗಿನ ತುದಿಯಲ್ಲೇ ಸಿಟ್ಟು, ಅದರ ಬೆನ್ನಿಗೇ ‘ತಿಂಡಿ ತಿಂದ್ಯಾ?’ ಎಂಬ ವಿಚಾರಣೆ. ತರಬೇತಿಗೆ ಬರುವ ಫಾರ್ಮಸಿ ರೆಸಿಡೆಂಟ್‌ಗಳು ವರ್ಷಕ್ಕೊಂದು ಸಂಶೋಧನೆ ಮಾಡಬೇಕು. ಮಾಡುತ್ತಿದ್ದರು, ಪಾಪ. ಬೈಂಡ್ ಮಾಡಿಸಿ, ಚಿನ್ನದ ಅಕ್ಷರ ಹಾಕಿಸಿ ಒಪ್ಪಿಸಿ, ಸರ್ಟಿಫಿಕೇಟ್ ಹಿಡಿದು ಹೊರಟುಬಿಡುತ್ತಿದ್ದರು. ಪುಸ್ತಕಗಳು ಬೀರುವಿನಲ್ಲಿ ಧೂಳು ತಿನ್ನುತ್ತಿದ್ದವು. ಒಂದಾದರೂ ಜರ್ನಲ್‌ನಲ್ಲಿ ಅಚ್ಚಾಗಬೇಕು, ನಾಲ್ಕು ಜನ ಓದಬೇಕು ಎಂಬುದು ವಿಮಲಾ ಅವರ ಬಹಳ ದಿನದ ಆಸೆ. ನಿವೃತ್ತಿಗೆ ಒಂದು ತಿಂಗಳಿದ್ದಾಗ ಅದು ಕೈಗೂಡುವಂತಾಯಿತು.

ಪ್ರಬಂಧ ಅನ್ನಪೂರ್ಣಳದು. ಬಾಗಲಕೋಟೆಯ ಹುಡುಗಿ, ಬಿಟಿಎಂನ ಪಿಜಿಯಲ್ಲಿ ವಾಸ. ಅರವತ್ತು ಜನರಿಗೆ ಬಿಪಿ ಮಾತ್ರೆಯ ಬಗ್ಗೆ ತಿಳಿಹೇಳಿ, ತಿಂಗಳಿಗೊಮ್ಮೆ ಸ್ಟ್ರಿಪ್ ತರಿಸಿ, ಉಳಿದ ಮಾತ್ರೆ ಎಣಿಸಿದ್ದಳು. ಹೆಚ್ಚುಕಡಿಮೆ ಎಲ್ಲರದೂ ಖಾಲಿ! ಸಮಾಧಾನವಾಗಿ ತಿಳಿಹೇಳಿದರೆ ಜನ ಮಾತ್ರೆ ತಪ್ಪಿಸುವುದಿಲ್ಲ ಎಂದು ಬರೆದಳು. ವಿಮಲಾ ಅದನ್ನು ಹನ್ನೊಂದು ಸಲ ತಿದ್ದಿಸಿದರು. ಜರ್ನಲ್ ಒಪ್ಪಿಕೊಂಡ ದಿನ ಇಡೀ ಫಾರ್ಮಸಿಗೆ ಮೈಸೂರುಪಾಕು ಹಂಚಿದರು.

ಅದೇ ಖುಷಿಯಲ್ಲಿ ಭಾನುವಾರ ಅನ್ನಪೂರ್ಣ ಇಟ್ಟಮಡುವಿನ ಶಿವವ್ವನಿಗೂ ನಾಲ್ಕು ತುಂಡು ಕೊಂಡೊಯ್ದಳು. ಜೋಳದ ರೊಟ್ಟಿ ಬಡಿದು ಮಾರುವ ಶಿವವ್ವ ಆ ಅರವತ್ತರಲ್ಲಿ ಒಬ್ಬಳು. ಊರ ಕಡೆಯವಳೆಂಬ ಅಕ್ಕರೆ ಬೇರೆ. ಬಾಗಿಲ ಪಕ್ಕದ ದಾಸವಾಳದ ಕುಂಡದಲ್ಲಿ ಬಿಳಿ ಮಾತ್ರೆಗಳು ಬಿದ್ದಿದ್ದವು.

ಸೋಮವಾರ ಅನ್ನಪೂರ್ಣ ವಿಮಲಾ ಎದುರು ಕೂತು ಅತ್ತಳು.

“ಮೇಡಂ, ಶಿವವ್ವ ನನ್ ಹತ್ರ ಬರೋ ಹಿಂದಿನ ದಿನ ಉಳಿದಿದ್ದನ್ನೆಲ್ಲ ಕುಂಡಕ್ಕೆ ಹಾಕ್ತಾರಂತೆ. ಸ್ಟ್ರಿಪ್ ಖಾಲಿ ಇದ್ರೆ ನನ್ ಮುಖ ಅರಳತ್ತಂತೆ. ನಂಗೆ ಬೇಜಾರಾಗ್ಬಾರ್ದು ಅಂತ! ಇನ್ನೂ ಆರು ಜನಕ್ಕೆ ಫೋನ್ ಮಾಡ್ದೆ. ನಾಲ್ಕು ಜನ ಹೀಗೇ ಮಾಡಿದಾರೆ.”

ವಿಮಲಾ ಕನ್ನಡಕ ತೆಗೆದಿಟ್ಟರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಿಂಗಳೊಳಗೆ ಅಚ್ಚಾಗಿ ಬಂದುಬಿಡುತ್ತಿತ್ತು. ಸುಮ್ಮನಿರೋಣ ಅಂತ ಅವರಿಗೆ ಒಮ್ಮೆಯೂ ಅನಿಸಲಿಲ್ಲ ಎಂದರೆ ಸುಳ್ಳಾದೀತು. ಊಟದ ಡಬ್ಬಿಯನ್ನೂ ತೆರೆಯದೆ ಮಧ್ಯಾಹ್ನವೆಲ್ಲ ಕೂತಿದ್ದರು. ಆಮೇಲೆ ಅವಳನ್ನು ಕರೆದರು.

“ಪ್ರಬಂಧ ವಾಪಸ್ ತಗೊಳ್ಳೋಣ ಕಣೆ.”

“ಮೇಡಂ, ನೀವು ರಿಟೈರ್ ಆಗೋಷ್ಟ್ರಲ್ಲಿ ಇನ್ನೊಂದು ಆಗಲ್ಲ.”

“ಆಗ್ದಿದ್ರೆ ಬೇಡ. ಇದನ್ನ ಓದಿ ಇನ್ಯಾವ್ದೋ ಊರಿನ ಡಾಕ್ಟ್ರು ನಂಬ್ತಾರಲ್ಲೇ! ಮೇಲ್ ಟೈಪ್ ಮಾಡು.”

ದನಿ ಬೈದಂತೆಯೇ ಇತ್ತು. ಕೈ ಮಾತ್ರ ಹುಡುಗಿಯ ಬೆನ್ನ ಮೇಲಿತ್ತು.

ಸಂಜೆ ಇಬ್ಬರೂ ಆಟೋ ಹಿಡಿದು ಇಟ್ಟಮಡುವಿಗೆ ಹೋದರು. ಶಿವವ್ವ ಗಾಬರಿಯಾಗಿ ಎದ್ದು ನಿಂತಳು. “ನನ್ನಿಂದ ನಿನ್ನ ಕೆಲಸ ಕೆಟ್ಟತೇನ ಯವ್ವಾ?” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಏನೂ ಕೆಟ್ಟಿಲ್ಲ ಅಮ್ಮ,” ಎಂದು ವಿಮಲಾ ಚಾಪೆಯ ಮೇಲೆ ಕೂತರು. “ಮಾತ್ರೆ ಯಾಕೆ ಬಿಡ್ತಿದ್ರಿ, ಅದನ್ನ ಹೇಳಿ.”

“ತಗೊಂಡ್ರ ತಲಿ ತಿರಗತೈತ್ರೀ. ಒಲಿ ಮುಂದ ಕುಂತು ರೊಟ್ಟಿ ಬಡಿಯಾಕಿ ನಾನು. ಬೆಂಕ್ಯಾಗ ಬಿದ್ರ ಏನ್ ಮಾಡ್ಲಿ?”

“ಒಂದ್ಸಲನಾದ್ರೂ ಹೇಳ್ಬಾರ್ದಿತ್ತಾ?” ಎಂದರು ವಿಮಲಾ.

ಶಿವವ್ವ ಇಬ್ಬರ ಮುಖವನ್ನೂ ನೋಡಿದಳು. “ಎಷ್ಟ ಉಳದಾವು ಅಂತ ಕೇಳ್ತಿದ್ರಿ. ಯಾಕ ಉಳದಾವು ಅಂತ ಯಾರೂ ಕೇಳಲೇ ಇಲ್ಲಲ್ರೀ.”

ವಿಮಲಾ ಅವರಿಗೆ ನಾಚಿಕೆಯಾಯಿತು, ಅಳುವೂ ಬಂತು. ಹಿಟ್ಟು ಮೆತ್ತಿದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನಾಳೆ ಬೆಳಿಗ್ಗೆ ನಾನೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ, ಮಾತ್ರೆ ಬದಲಾಯಿಸೋಣ,” ಎಂದರು. ಆಮೇಲೆ ಅನ್ನಪೂರ್ಣಳತ್ತ ತಿರುಗಿ, “ಇವರು ಹೇಳಿದ್ದನ್ನ ಹಾಗೇ ಬರ್ಕೊ. ನಾನಿಲ್ದಿದ್ರೂ ಇದು ಅಚ್ಚಾಗ್ಬೇಕು,” ಎಂದರು.