ಕುಂಕುಮ ಹಚ್ಚಿದ ಬಾಟಲಿಗಳು

ನನ್ನ ಗಂಡ ವೈನ್ ಕುಡಿಯುವುದಿಲ್ಲ, ಸಂಗ್ರಹಿಸುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಸ್ಯಾನ್ ರಮೋನಿನ ನಮ್ಮ ಮನೆಗೆ ಬಂದ ಪ್ರತಿಯೊಬ್ಬ ಅತಿಥಿಯೂ ಕೇಳಿಸಿಕೊಂಡಿದ್ದಾನೆ. ಮೇಲಧಿಕಾರಿಯೊಬ್ಬರ ಮನೆಯಲ್ಲಿ ಹಳೆಯ ಕೆಂಪು ವೈನನ್ನು ಎರಡು ಗುಟುಕು ಕುಡಿದು ಬಂದವರು ಮಾರನೆಯ ವಾರವೇ ಅದಕ್ಕೆಂದು ಒಂದು ಫ್ರಿಜ್ಜು ತರಿಸಿದರು. ಅದು ಡೈನಿಂಗ್ ರೂಮಿನಲ್ಲಿ ಕೂತಿತು. ಹರಾಜಿನಲ್ಲಿ ಕೊಂಡ ಬಾಟಲಿಗಳು ಒಂದೊಂದಾಗಿ ಬಂದು ಅದರೊಳಗೆ ಮಲಗಿದವು.

"ಇದನ್ನ ಯಾವಾಗ್ರೀ ತೆಗೆಯೋದು?" ಎಂದು ಒಮ್ಮೆ ಕೇಳಿದೆ.

"ಇನ್ನೂ ಹತ್ತು ವರ್ಷ ಬಿಡಬೇಕು. ನಿನಗ ತಿಳಿಯಂಗಿಲ್ಲ ಬಿಡು."

ಇಷ್ಟು ತಾಳ್ಮೆಯನ್ನು ಅವರು ಸಂಸಾರದ ಯಾವ ವಿಷಯದಲ್ಲೂ ತೋರಿಸಿದ್ದನ್ನು ನಾನು ಕಂಡಿಲ್ಲ.

ಅತ್ತೆ ಧಾರವಾಡದಿಂದ ಆರು ತಿಂಗಳಿಗೆಂದು ಬಂದರು. ಫ್ರಿಜ್ಜಿನ ಗಾಜಿನ ಬಾಗಿಲಿಗೆ ಮುಖವಿಟ್ಟು, "ಏನಪಾ ಇದು?" ಎಂದರು. ಆಫೀಸಿನಲ್ಲಿ ದೊಡ್ಡ ಟೀಮನ್ನು ಗದರಿಸುವ ಮಗ ಕಣ್ಣು ತಪ್ಪಿಸಿ, "ದ್ರಾಕ್ಷಿ ರಸ ಅವ್ವಾ. ಹಾರ್ಟಿಗೆ ಛಲೋ" ಎಂದರು. ನಾನು ಬಾಯಿ ಬಿಡಲಿಲ್ಲ.

ಆಯುಧಪೂಜೆಯ ದಿನ ನಾವಿಬ್ಬರೂ ಕೆಲಸಕ್ಕೆ ಹೋಗಿದ್ದೆವು. ಅತ್ತೆ ಮಿಕ್ಸಿ, ವಾಷಿಂಗ್ ಮೆಷಿನ್ನು, ಗ್ಯಾರೇಜಿನ ಸೈಕಲ್ಲು ಎಲ್ಲಕ್ಕೂ ಪೂಜೆ ಮಾಡಿ ಮಗನ ಮುದ್ದಿನ ಫ್ರಿಜ್ಜಿಗೂ ಮಾಡಿದ್ದರು. ಬರೀ ಬಾಗಿಲಿಗಲ್ಲ, ಒಂದೊಂದು ಬಾಟಲಿಯನ್ನೂ ಹೊರತೆಗೆದು, ಲೇಬಲ್ಲಿನ ನಟ್ಟನಡುವೆ ಅರಿಸಿನ ಕುಂಕುಮ ಹಚ್ಚಿ, ಮತ್ತೆ ಜೋಡಿಸಿದ್ದರು. ಸಂಜೆ ಬಂದ ಗಂಡ ಅದನ್ನು ನೋಡಿ ನಿಂತವರು ನಿಂತೇ ಇದ್ದರು. ಕೂಗುವಂತಿರಲಿಲ್ಲ, ಕೂಗಿದರೆ ಕಾರಣ ಹೇಳಬೇಕು. "ಛಲೋ ಆತವ್ವಾ" ಎಂದು ಕಾಲಿಗೆ ಬಿದ್ದರು. ರೂಮಿನ ಬಾಗಿಲು ಹಾಕಿಕೊಂಡ ಮೇಲೆ ನನ್ನ ಮುಂದೆ ಅಳುವುದೊಂದು ಬಾಕಿ. "ಲೇಬಲ್ ಕೆಟ್ರ ಯಾವನೂ ಮುಟ್ಟಂಗಿಲ್ಲ. ಎಲ್ಲಾ ಹೋತು!"

ಅತ್ತೆ ಊರಿಗೆ ಮರಳಿದ ಮೇಲೆ, ಬಂದಷ್ಟು ಬರಲಿ ಎಂದು ಎಲ್ಲವನ್ನೂ ಹರಾಜಿಗೆ ಹಾಕಲು ಹೊರಟರು. ಹರಾಜಿನವರ ಕಡೆಯಿಂದ ಬಂದ ಹೆಂಗಸು ಕೈಗವಸು ತೊಟ್ಟು, ಹಸುಗೂಸನ್ನು ಎತ್ತುವ ಹಾಗೆ ಬಾಟಲಿ ಎತ್ತಿ, ಟಾರ್ಚು ಬಿಟ್ಟು ನೋಡಿದಳು. ಈ ಕಲೆ ಏನೆಂದು ಕೇಳಿದಳು. ತಾಯಿ ಮಾಡಿದ ಪೂಜೆ ಎಂದು ಗಂಡ ನೆಲ ನೋಡುತ್ತಾ ಗೊಣಗಿದರು. ಅವಳ ಮುಖ ಅರಳಿತು. ಇದನ್ನು ಕೆಟಲಾಗಿನಲ್ಲಿ ಬರೆಯಲೇಬೇಕು ಎಂದಳು.

ಹರಾಜು ನಡೆದದ್ದು ಸ್ಯಾನ್ ಮಟಿಯೋದ ಒಂದು ಹೋಟೆಲಿನಲ್ಲಿ. ಅಲ್ಲಿ ಕೂತವರಲ್ಲಿ ಕುಡಿಯುವ ಉದ್ದೇಶ ಒಬ್ಬರಿಗೂ ಇದ್ದಂತೆ ಕಾಣಲಿಲ್ಲ. ನಮ್ಮ ಸರದಿ ಬಂದಾಗ ಹರಾಜುಗಾರ ದನಿ ತಗ್ಗಿಸಿ, ಇವು ಭಾರತದ ಪುರಾತನ ವಿಧಿಯಂತೆ ಸಂಗ್ರಾಹಕರ ತಾಯಿಯ ಆಶೀರ್ವಾದ ಪಡೆದ ಬಾಟಲಿಗಳು ಎಂದ. ಆಯುಧಪೂಜೆಯ ದಿನ ಅದೇ ಆಶೀರ್ವಾದ ನಮ್ಮ ಮಿಕ್ಸಿಗೂ ಸಿಕ್ಕಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಕೈಗಳು ಮೇಲೆದ್ದವು. ಸ್ವಲ್ಪ ಮುಂಚೆ ಅದೇ ವೈನಿನ, ಅದೇ ವರ್ಷದ, ಒಂದು ಕಲೆಯೂ ಇಲ್ಲದ ಬಾಟಲಿ ಹೋದ ಬೆಲೆಯ ಎರಡರಷ್ಟಕ್ಕೆ ನಮ್ಮದು ಹೋಯಿತು.

ಮಾರನೆಯ ಸಂಜೆಯೊಳಗೆ ಗಂಡ ಹೊಸ ಬಾಟಲಿಗಳಿಗೆ ಹೇಳಿಯೂ ಆಗಿತ್ತು. ಫೋನನ್ನು ಸ್ಪೀಕರಿಗೆ ಹಾಕಿ, "ಅವ್ವಾ, ಈ ಸಲಾನೂ ದಸರಾಕ್ಕ ಬಾ. ಟಿಕೆಟ್ ನಾ ಕಳಸ್ತೀನಿ" ಎಂದರು. ಗೆದ್ದ ಅಮಲಿನಲ್ಲಿ ನಡೆದದ್ದನ್ನೆಲ್ಲ ಹೇಳಿಯೂ ಬಿಟ್ಟರು.

"ನನ್ನ ಕೈಲೆ ಸೆರೆಗೆ ಪೂಜಿ ಮಾಡಿಸಿದ್ಯೇನೋ?"

"ಸೆರೆ ಅಲ್ಲವ್ವಾ, ವೈನ್ ಅದು. ಭಾಳ ಹಳೇದು."

"ಹಳೇದಾದ್ರ ಏನ್ ತೀರ್ಥ ಆಗ್ತದೇನು? ಫೋನ್ ಆಕೀಗೆ ಕೊಡು."

ನಾನು ಫೋನ್ ತೆಗೆದುಕೊಂಡೆ. "ಅಂವ ಹೇಳಲಿಲ್ಲ, ಬಿಡು. ನಿನಗ ಗೊತ್ತಿತ್ತಲ್ಲ?" ಎಂದರು ಅತ್ತೆ.

"ಗೊತ್ತಿತ್ತು ಅತ್ತೆ" ಎಂದೆ. ಅವರು ಫೋನ್ ಇಟ್ಟರು. ಆಮೇಲೆ ಒಂದು ತಿಂಗಳು ನಮ್ಮಿಬ್ಬರ ಜೊತೆಗೂ ಮಾತಿಲ್ಲ.

ಆ ದಸರಾಕ್ಕೆ ಅತ್ತೆ ಬರಲಿಲ್ಲ. ಗಂಡ ಇಂಡಿಯನ್ ಗ್ರೋಸರಿಯಿಂದ ಕುಂಕುಮದ ಪ್ಯಾಕೆಟ್ಟು ತಂದು, ಹೊಸ ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ತಾವೇ ಹಚ್ಚತೊಡಗಿದರು. ಎರಡು ಬಾಟಲಿ ಆದಮೇಲೆ ತಮ್ಮ ಹೆಬ್ಬೆರಳನ್ನೇ ಅನುಮಾನದಿಂದ ನೋಡಿಕೊಂಡು ನನ್ನನ್ನು ಕರೆದರು. "ನಿನ್ನ ಬೆರಳು ಅವ್ವನಂಗ ಸಣ್ಣದಾವ. ನೀನ ಹಚ್ಚು ಬಾ."

ನಾನು ಹಚ್ಚಲಿಲ್ಲ.